ಮಗು ಯಾರ ಬಳಿ ಇರಬೇಕು?

ಕೆಲವು ವರ್ಷಗಳ ಹಿಂದಿನ ಮಾತು. ದಾಖಲಾತಿಯ ದಿನ ಒಬ್ಬ ವಿದ್ಯಾರ್ಥಿನಿಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇತ್ತು. ಸಾಲಿನಲ್ಲಿ ಹತ್ತಾರು ಜನ ನಿಂತಿದ್ದರು. "ತಂದೆಯ ಹೆಸರು ಬರೆದಿಲ್ಲವಲ್ಲಮ್ಮಾ?" ಎಂದು ನಾನು ಗಟ್ಟಿಯಾಗಿಯೇ ಕೇಳಿಬಿಟ್ಟೆ. ಹುಡುಗಿ ತಲೆ ತಗ್ಗಿಸಿದಳು. ಜೊತೆಗಿದ್ದ ತಾಯಿ, "ಎಲ್ಲದಕ್ಕೂ ನಾನೇ ಇದ್ದೇನೆ ಸರ್" ಎಂದರು. ಅವರ ಮನೆಯ ಕಥೆ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ರಾಜ್ಯಶಾಸ್ತ್ರ ಕಲಿಸುವ ನನಗೆ ಇಂಥ ತಾಯಿಯ ಹಕ್ಕಿನ ಬಗ್ಗೆ ಏನೂ ತಿಳಿದಿಲ್ಲವಲ್ಲ ಎಂದು ನಾಚಿಕೆಯಾಯಿತು. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ತಲಾಖ್ ಅಥವಾ ವಿಚ್ಛೇದನದ ನಂತರ ಮಕ್ಕಳು ಯಾರ ಬಳಿ ಇರಬೇಕೆಂಬ ಚರ್ಚೆಯನ್ನು ನಾವು ಆಗಾಗ ಕೇಳುತ್ತೇವೆ. ತಂದೆ ತಾಯಿ ಮದುವೆಯೇ ಆಗಿರದಿದ್ದರೆ? ನಿಕಾಹ್ ಇಲ್ಲದ ಸಂಬಂಧವನ್ನು ಇಸ್ಲಾಂ ಒಪ್ಪುವುದಿಲ್ಲ. ಆದರೆ ಒಬ್ಬರ ತಪ್ಪಿಗೆ ಮತ್ತೊಬ್ಬರು ಹೊಣೆಯಲ್ಲ ಎಂಬುದೂ ಕುರ್‌ಆನಿನ ಬೋಧನೆಯೇ. ಹುಟ್ಟಿದ ಮಗು ಯಾವ ತಪ್ಪನ್ನೂ ಮಾಡಿಲ್ಲ.

ಮೊದಲು ಮೂರು ಪದಗಳನ್ನು ಬೇರೆ ಬೇರೆಯಾಗಿ ತಿಳಿಯೋಣ. ಮಗುವಿನ ಪರವಾಗಿ ನಿರ್ಧಾರ ಮಾಡುವ, ಅದರ ಆಸ್ತಿ ನೋಡಿಕೊಳ್ಳುವ ಅಧಿಕಾರ ಪೋಷಕತ್ವ. ಮಗುವನ್ನು ದಿನನಿತ್ಯ ಬಳಿಯಲ್ಲಿಟ್ಟುಕೊಂಡು ಸಾಕುವುದು ಸುಪರ್ದಿ. ನಮ್ಮ ಫಿಕ್ಹ್‌ನಲ್ಲಿ ಇದನ್ನೇ ಹಿಜಾನತ್ ಎನ್ನುತ್ತಾರೆ. ಹನಫಿ ಪಂಥದ ಪ್ರಕಾರ ಗಂಡು ಮಗುವಿಗೆ 7 ವರ್ಷ ತುಂಬುವವರೆಗೆ, ಹೆಣ್ಣು ಮಗು ಪ್ರೌಢಾವಸ್ಥೆಗೆ ಬರುವವರೆಗೆ ಇದು ತಾಯಿಯ ಹಕ್ಕು. ಮೂರನೆಯದು, ಜೊತೆಯಲ್ಲಿಲ್ಲದ ತಂದೆ ಅಥವಾ ತಾಯಿ ಮಗುವನ್ನು ಕಾಣುವ, ಮಾತನಾಡಿಸುವ ಹಕ್ಕು.

1959ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಗೋಹರ್ ಬೇಗಂ ಪ್ರಕರಣ ಇಲ್ಲಿ ಮುಖ್ಯ. ಆಕೆ ಅವಿವಾಹಿತ ಸುನ್ನಿ ಮುಸ್ಲಿಂ ಮಹಿಳೆ. ಮಗುವಿನ ತಂದೆ ಹಿಂದೂ. ಪುಟ್ಟ ಮಗಳು ಇನ್ನೊಬ್ಬ ಮಹಿಳೆಯ ವಶದಲ್ಲಿದ್ದಳು. ಆಕೆ ಮಗುವನ್ನು ಮರಳಿಸಲು ಒಪ್ಪಲಿಲ್ಲ. ಬಾಂಬೆ ಹೈಕೋರ್ಟ್‌ನಲ್ಲಿ ತಾಯಿಗೆ ಪರಿಹಾರ ಸಿಗಲಿಲ್ಲ. ಸುಪ್ರೀಂ ಕೋರ್ಟ್ ಮಾತ್ರ, ತಂದೆ ಯಾರೇ ಆಗಿರಲಿ, ಮುಸ್ಲಿಂ ಕಾನೂನಿನಂತೆ ಇಂಥ ಮಗಳ ಸುಪರ್ದಿ ತಾಯಿಗೇ ಸೇರಬೇಕು ಎಂದು ಹೇಳಿ ಮಗುವನ್ನು ಆಕೆಗೆ ಒಪ್ಪಿಸಲು ಆದೇಶಿಸಿತು.

ಎರಡನೆಯದು 2015ರ ಜುಲೈ 6ರ ತೀರ್ಪು. ಒಬ್ಬ ಅವಿವಾಹಿತ ಕ್ರೈಸ್ತ ತಾಯಿ ತನ್ನ ಉಳಿತಾಯ ಮತ್ತು ವಿಮೆಗೆ ಮಗನನ್ನು ನಾಮಿನಿ ಮಾಡಲು ಹೋದಾಗ, ತಂದೆಯ ಹೆಸರು ಬರೆಯಿರಿ, ಇಲ್ಲವೇ ಪೋಷಕತ್ವದ ಪ್ರಮಾಣಪತ್ರ ತನ್ನಿ ಎಂದರು. ಪೋಷಕರು ಮತ್ತು ಪಾಲ್ಯರ ಕಾಯ್ದೆ, 1890ರ 11ನೇ ಕಲಮಿನಂತೆ ತಂದೆಗೆ ನೋಟಿಸ್ ಹೋಗಬೇಕಿತ್ತು. ಮಗುವನ್ನು ಎಂದೂ ನೋಡಿಕೊಳ್ಳದವನ ಹೆಸರು ಹೇಳಲು ಆಕೆ ಒಪ್ಪಲಿಲ್ಲ. ಕೆಳಗಿನ ನ್ಯಾಯಾಲಯಗಳು ಅರ್ಜಿಯನ್ನು ತಳ್ಳಿಹಾಕಿದವು. ಸುಪ್ರೀಂ ಕೋರ್ಟ್, ಮಗುವಿನ ಹಿತವೇ ಮೊದಲು, ಇಂಥ ಸಂದರ್ಭದಲ್ಲಿ ನೋಟಿಸ್ ಬೇಡ ಎಂದಿತು. ಜೊತೆಗೆ, ತಂದೆ ಯಾರೆಂದು ತಿಳಿಯುವ ಹಕ್ಕು ಮಗುವಿಗಿದೆ ಎಂದು ಗುರುತಿಸಿ, ಆ ವಿವರವನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿಸಿತು. ತಾಯಿಯ ಗುಟ್ಟೂ ಉಳಿಯಿತು, ಮಗುವಿನ ಹಕ್ಕೂ ಉಳಿಯಿತು.

ಹಾಗಾದರೆ ಮಗುವನ್ನು ನಿಜವಾಗಿ ಪ್ರೀತಿಸುವ ತಂದೆಗೆ ಬಾಗಿಲು ಮುಚ್ಚಿತೇ? ಇಲ್ಲ. ಪೋಷಕತ್ವದ ಆದೇಶ ಎಂದಿಗೂ ಅಂತಿಮವಲ್ಲ, ಮಗುವಿನ ಹಿತಕ್ಕೆ ಧಕ್ಕೆ ಬಂದರೆ ನಿಜವಾದ ಕಾಳಜಿಯಿರುವ ಯಾರೇ ಆದರೂ ಪ್ರಶ್ನಿಸಬಹುದು ಎಂದು ಅದೇ ತೀರ್ಪು ಹೇಳಿದೆ. 2020ರ ಯಶಿತಾ ಸಾಹು ಪ್ರಕರಣದಲ್ಲಿ ತಂದೆ ತಾಯಿ ಮದುವೆಯಾದವರೇ. ಆದರೆ ಅಲ್ಲಿ ಕೋರ್ಟ್ ಹೇಳಿದ ಮಾತು ಎಲ್ಲ ಮಕ್ಕಳಿಗೂ ಒಪ್ಪುವಂಥದ್ದು: ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ದೂರದಲ್ಲಿರುವವರು ಫೋನ್, ವೀಡಿಯೊ ಕರೆಯ ಮೂಲಕವಾದರೂ ಮಗುವಿನೊಡನೆ ಮಾತನಾಡುವಂತಿರಬೇಕು.

ಇನ್ನೆರಡು ಅಂಶ ನೆನಪಿಡಿ. 1890ರ ಕಾಯ್ದೆಯ 17ನೇ ಕಲಮಿನಂತೆ, ತಿಳಿವಳಿಕೆ ಬಂದಿರುವ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಪರಿಗಣಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಂತೆ, ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ಅನುಕೂಲವಿರುವ ತಂದೆ ಜೀವನಾಂಶ ಕೊಡಬೇಕು. ತಂದೆ ದೂರವಾಗಬಹುದು, ಹೊಣೆ ದೂರವಾಗದು.

ಇಷ್ಟನ್ನೂ ಓದಿದ ಮೇಲೆ ನನಗೆ ಅನಿಸಿದ್ದು ಇದು: "ಮಗು ಯಾರದು?" ಎಂಬ ಪ್ರಶ್ನೆಯೇ ಸರಿಯಲ್ಲ. "ಈ ಮಗುವಿಗೆ ಯಾವುದು ಒಳ್ಳೆಯದು?" ಎಂದು ಕೇಳಬೇಕು. ಈಗ ದಾಖಲಾತಿಯ ದಿನ ಅರ್ಜಿಯಲ್ಲಿ ಖಾಲಿ ಜಾಗ ಕಂಡರೆ ನಾನು ಧ್ವನಿ ತಗ್ಗಿಸಿ, "ನಿನ್ನನ್ನು ನೋಡಿಕೊಳ್ಳುವವರು ಯಾರಮ್ಮಾ?" ಎಂದಷ್ಟೇ ಕೇಳುತ್ತೇನೆ. ಪಕ್ಕದ ಬೆಂಚಿನಲ್ಲಿ ಕೂತ ಗೆಳೆಯ ಗೆಳತಿಯರನ್ನು ನೀವೂ ಅದಕ್ಕಿಂತ ಹೆಚ್ಚು ಕೇಳಬೇಡಿ.