ತಲೆ ಮರೆತದ್ದನ್ನು ಕೈ ಮರೆಯಲಿಲ್ಲ



"ನನ್ನ ತಲೆಗೆ ಏನೂ ಹತ್ತಲ್ಲ ಬಿಡಿ, ಸಹಿ ಕಲಿಯೋ ವಯಸ್ಸಾ ಇದು? ಹೆಬ್ಬೆಟ್ಟೇ ಸಾಕು." ಸಂಘದ ಸಭೆಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನಮಗೆ ಅಮೆರಿಕದ ಹೆನ್ರಿ ಮೊಲೈಸನ್ ನೆನಪಾಗುತ್ತಾರೆ.

ಹೆನ್ರಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಮಾತ್ರೆಗೆ ಬಗ್ಗಲಿಲ್ಲ. 1953ರಲ್ಲಿ, ಅವರ 27ನೇ ವಯಸ್ಸಿನಲ್ಲಿ, ಹಾರ್ಟ್‌ಫರ್ಡ್ ನಗರದ ಡಾಕ್ಟರೊಬ್ಬರು ಅವರ ಮೆದುಳಿನ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ಭಾಗ ತೆಗೆದರು. ಮೂರ್ಛೆ ಬಹಳ ಕಡಿಮೆಯಾಯಿತು. ಆದರೆ ಹೊಸ ನೆನಪು ಉಳಿಯುವುದೇ ನಿಂತುಹೋಯಿತು! ಉಂಡದ್ದು ನೆನಪಿಲ್ಲ. ಈಗ ಮಾತಾಡಿಸಿ ಹೋದವರು ತಿರುಗಿ ಬಂದರೆ ಹೊಸಬರು. ಬಾಲ್ಯದ ನೆನಪಿತ್ತು, ಬುದ್ಧಿಯೂ ಚುರುಕಾಗಿತ್ತು. (ಮನೆಯಲ್ಲಿ ಮೂರ್ಛೆರೋಗಿಗಳಿದ್ದರೆ ಹೆದರಬೇಡಿ. ಎರಡೂ ಬದಿ ತೆಗೆಯುವ ಆ ಆಪರೇಷನ್ ಈಗ ಮಾಡುವುದಿಲ್ಲ. ಹೆಚ್ಚಿನವರಿಗೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ಅಷ್ಟೇ.)

ಕೆನಡಾದ ಮಾಂಟ್ರಿಯಲ್‌ನಿಂದ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ರೈಲಿನಲ್ಲಿ ಬಂದು ಹೆನ್ರಿಯನ್ನು ಪರೀಕ್ಷಿಸುತ್ತಿದ್ದರು. ಪ್ರತಿ ಸಲವೂ ಹೆನ್ರಿಗೆ ಆಕೆ ಅಪರಿಚಿತೆ. ಒಮ್ಮೆ ಆಕೆ ಜೋಡಿಗೆರೆಯ ನಕ್ಷತ್ರದ ಚಿತ್ರವೊಂದನ್ನು ಕೊಟ್ಟರು. ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು, ಆದರೆ ಕೈಯನ್ನು ನೇರ ನೋಡುವ ಹಾಗಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡಬೇಕು. ಮೊದಲು ಎಲ್ಲರ ಹಾಗೆ ಹೆನ್ರಿಯದೂ ಅಡ್ಡಾದಿಡ್ಡಿ. ಮೂರು ದಿನ ಮತ್ತೆ ಮತ್ತೆ ಮಾಡಿಸಿದರು. ಮೂರನೇ ದಿನ ಗೆರೆ ಸಲೀಸಾಗಿ ಬಂತು. ಹಿಂದೆ ಇದನ್ನು ಮಾಡಿದ್ದೀರಾ ಅಂದರೆ, ಇಲ್ಲವೇ ಇಲ್ಲ!

ನೆನಪೇ ಇಲ್ಲದವನು ಕಲಿತದ್ದಾದರೂ ಹೇಗೆ? ನೆನಪು ಒಂದೇ ಡಬ್ಬಿಯಲ್ಲಿಲ್ಲ. ನಿನ್ನೆ ಯಾರು ಬಂದರು, ಏನು ಹೇಳಿದರು ಎಂಬುದನ್ನು ಹಿಡಿದಿಡಲು ಹಿಪೋಕ್ಯಾಂಪಸ್ ಎಂಬ ಭಾಗ ಬೇಕು; ಹೆನ್ರಿ ಕಳೆದುಕೊಂಡದ್ದು ಮುಖ್ಯವಾಗಿ ಅದನ್ನು ಮತ್ತು ಅದರ ಸುತ್ತಲಿನದನ್ನು. ಕೈಕೆಲಸದ ಕಲಿಕೆಗೆ ಕಿರುಮೆದುಳು ಮತ್ತು ಮೆದುಳಿನ ಆಳದ ಬೇರೆ ಭಾಗಗಳು ದುಡಿಯುತ್ತವೆ. ಮಕ್ಕಳ ಹೆಸರು ಮರೆತ ಅಜ್ಜಿ ಹೂ ಕಟ್ಟಲು ಕೊಟ್ಟರೆ ಕಟ್ಟುತ್ತಾಳಲ್ಲ, ಅದೂ ಇದೇ. ಅಂಥವರ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ.

ಹೆನ್ರಿ 2008ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಪುಸ್ತಕಗಳಲ್ಲಿ ಅವರ ಹೆಸರು ಬರೀ 'ಎಚ್.ಎಂ.' ಎಂದಿತ್ತು. ಇಷ್ಟೆಲ್ಲ ಕಲಿಸಿಕೊಟ್ಟವರಿಗೆ ತಾವು ಕಲಿಸಿಕೊಟ್ಟದ್ದೇ ನೆನಪಿರಲಿಲ್ಲ ಎಂಬುದು ನಮಗೆ ಸಂಕಟದ ವಿಷಯ.

ಮುಂದಿನ ಸಭೆಗೆ ಒಂದು ಕನ್ನಡಿ, ಪೆನ್ಸಿಲ್ ತನ್ನಿ. ನಕ್ಷತ್ರ ನಾವು ಬರೆದು ತರುತ್ತೇವೆ. ಹೆಬ್ಬೆಟ್ಟಿನವರು ಮೊದಲು ಕೂರಲಿ.