ಕೊಟ್ಟಿಗೆಯ ಟ್ರಸ್ಸಿನ ಮರಗಳಲ್ಲಿ ಉಂಟಾಗುವ ಬಲಗಳ ಲೆಕ್ಕ

ಕೆಲವು ವರ್ಷಗಳ ಹಿಂದೆ ಸರ್ಕೀಟಿನಲ್ಲಿದ್ದಾಗ ಕುಸಿದುಬಿದ್ದ ಒಂದು ಕೊಟ್ಟಿಗೆಯನ್ನು ನೋಡುವ ಪ್ರಸಂಗವೊದಗಿತು. ಹುಲ್ಲಿನ ಗಾಡಿಗೆ ಅಡ್ಡಿಯಾಗುವುದೆಂದು ಯಜಮಾನರು ಟ್ರಸ್ಸಿನ ಅಡ್ಡತೊಲೆಯನ್ನು ಕೊಯ್ಸಿ ತೆಗೆಸಿದ್ದರು. ಮಳೆಗಾಲದಲ್ಲಿ ಗೋಡೆಯು ಹೊರಕ್ಕೆ ವಾಲಿ, ಚಾವಣಿ ಬಿದ್ದು, ಎರಡು ಎತ್ತುಗಳು ಸತ್ತವು. ಆ ತೊಲೆಯು ಯಾವ ಭಾರವನ್ನೂ ಹೊತ್ತಿರಲಿಲ್ಲವೆಂಬುದು ಯಜಮಾನರ ವಾದ. ಹೊತ್ತಿರಲಿಲ್ಲವೆಂಬುದು ದಿಟವೇ, ಆದರೆ ಅದು ಗೋಡೆಗಳನ್ನು ಹಿಡಿದಿತ್ತು.

ಟ್ರಸ್ಸಿನ ಪ್ರತಿಯೊಂದು ಮರದಲ್ಲಿಯೂ ಒತ್ತಡವಾಗಲಿ ಎಳೆತವಾಗಲಿ ಇರುತ್ತದೆ. ಮರಗಳು ಕೂಡುವ ಪ್ರತಿಯೊಂದು ಸಂಧಿಯಲ್ಲಿ ಮೇಲು ಕೆಳಗಿನ ಬಲಗಳೂ ಅಕ್ಕಪಕ್ಕದ ಬಲಗಳೂ ಸರಿಸಮನಾಗಿರಬೇಕೆಂಬುದೇ ಲೆಕ್ಕದ ಮೂಲ.

8 ಮೀಟರು ಅಗಲ, 3 ಮೀಟರು ಎತ್ತರದ ಟ್ರಸ್ಸನ್ನು ತೆಗೆದುಕೊಳ್ಳೋಣ. ಇದರಲ್ಲಿ ಎರಡು ಓರೆಮರ, ಗೋಡೆಯಿಂದ ಗೋಡೆಗೆ ಅಡ್ಡತೊಲೆ, ನೆತ್ತಿಯಿಂದಿಳಿದ ನಡುಕಂಬ, ಅದರ ಬುಡದಿಂದ ಓರೆಮರಗಳ ಮಧ್ಯಕ್ಕೆ ಹೋಗುವ ಎರಡು ಆಸರೆಮರಗಳಿವೆ. ಅರ್ಧ ಅಗಲ 4, ಎತ್ತರ 3. ಆದಕಾರಣ ಓರೆಮರ 5 ಮೀಟರು. ಟ್ರಸ್ಸುಗಳು 3 ಮೀಟರಿಗೊಂದರಂತೆ ಇದ್ದರೆ ಒಂದರ ಪಾಲಿಗೆ 30 ಚದರ ಮೀಟರು ಚಾವಣಿ. ಮಂಗಳೂರು ಹಂಚಿಗೂ ರೀಪಿಗೂ ಚದರ ಮೀಟರಿಗೆ ಸುಮಾರು 65 ಕಿಲೋಗ್ರಾಮಿನಂತೆ 1950. ಮಿಕ್ಕ ಮರದ ತೂಕಕ್ಕೆ 450 ಸೇರಿಸಿದರೆ 2400. ಇದು ನೆತ್ತಿಗೂ ಓರೆಮರಗಳ ಮಧ್ಯಕ್ಕೂ 600ರಂತೆ, ಗೋಡೆಯ ಮೇಲಿನ ತುದಿಗಳಿಗೆ 300ರಂತೆ ಬೀಳುವುದು.

ಒಂದೊಂದು ಗೋಡೆಯೂ 1200 ಹೊರುತ್ತದೆ. ನೇರವಾಗಿ ಬಿದ್ದ 300ನ್ನು ಕಳೆದು ಉಳಿದ 900ನ್ನು ಓರೆಮರವೇ ತಂದಿಳಿಸಬೇಕು. 5 ಪಾಲು ಉದ್ದಕ್ಕೆ ಅದು ಏರುವುದು 3 ಪಾಲು ಮಾತ್ರ. ಆದುದರಿಂದ 900ನ್ನು 3ರಿಂದ ಭಾಗಿಸಿ 5ರಿಂದ ಗುಣಿಸಲು ಅದರ ಒತ್ತಡ 1500 ಆಗುತ್ತದೆ. ಇದರ 5ರಲ್ಲಿ 4 ಪಾಲು, ಅಂದರೆ 1200 ಕಿಲೋಗ್ರಾಮು, ಹೊರಕ್ಕೆ ನೂಕುವುದು. ಅಡ್ಡತೊಲೆಯು ಈ ನೂಕನ್ನು ಎಳೆದು ತಡೆಯುತ್ತದೆ. ಅದನ್ನು ಕೊಯ್ದವರು ಹನ್ನೆರಡು ಕ್ವಿಂಟಾಲಿನ ನೂಕನ್ನು ಮಣ್ಣಿನ ಗೋಡೆಯ ತಲೆಗೆ ಒಪ್ಪಿಸಿದಂತಾಯಿತು.

ನಡುಕಂಬವು ತೊಲೆಯ ಮೇಲೆ ನಿಂತು ನೆತ್ತಿಯನ್ನು ಹೊರುತ್ತದೆಂದು ನುರಿತ ಬಡಗಿಗಳೂ ಹೇಳುವುದುಂಟು. ವಾಸ್ತವದಲ್ಲಿ ಅದು ನೆತ್ತಿಯಿಂದ ತೂಗುತ್ತಿರುತ್ತದೆ. ಓರೆಮರದ ಮಧ್ಯದಲ್ಲಿ ಬಿದ್ದ 600, ಅದರ ಕೆಳಭಾಗಕ್ಕೂ ಆಸರೆಮರಕ್ಕೂ ಅರ್ಧರ್ಧ ಹಂಚಿಹೋಗುತ್ತದೆ. ಏಕೆಂದರೆ ಎರಡರ ಇಳಿಜಾರೂ ಒಂದೇ. 300ಕ್ಕೆ ಮೇಲಿನ ಲೆಕ್ಕದಂತೆ ಆಸರೆಮರದ ಒತ್ತಡ 500. ಎರಡು ಕಡೆಯಿಂದಲೂ 300ರಂತೆ ಒಟ್ಟು 600 ಕಿಲೋಗ್ರಾಮು ಕಂಬದ ಬುಡವನ್ನು ಕೆಳಕ್ಕೆ ಎಳೆಯುತ್ತದೆ. ಆದಕಾರಣ ಕಂಬದ ಎರಡು ತುದಿಗಳನ್ನೂ ಕಬ್ಬಿಣದ ಪಟ್ಟಿ, ಬೋಲ್ಟುಗಳಿಂದ ಬಿಗಿಯತಕ್ಕದ್ದು. ಬರಿಯ ಮೊಳೆಯನ್ನು ನಂಬತಕ್ಕದ್ದಲ್ಲ. ಓರೆಮರದ ಮೇಲರ್ಧದಲ್ಲಿ ಒತ್ತಡ 1000 ಮಾತ್ರ.

ಇದರಲ್ಲಿ ಗಾಳಿಯ ಲೆಕ್ಕವಿಲ್ಲ. ಅಡ್ಡತೊಲೆಯ ಮೇಲೆ ಅಟ್ಟ ಹಾಕಿ ಹುಲ್ಲು ತುಂಬುವವರ ಲೆಕ್ಕವೂ ಇಲ್ಲ. ಹಗುರವಾದ ತಗಡಿನ ಚಾವಣಿಯನ್ನು ಬಿರುಗಾಳಿಯು ಮೇಲಕ್ಕೆತ್ತಿದಾಗ ಎಳೆತದ ಮರವು ಒತ್ತಡಕ್ಕೂ ಒತ್ತಡದ ಮರವು ಎಳೆತಕ್ಕೂ ಗುರಿಯಾಗಬಹುದು. ಅಂಥಲ್ಲಿ ಮರಗಳ ಗಾತ್ರವನ್ನು ಇಂಜಿನಿಯರರಿಂದಲೇ ನಿಶ್ಚಯಿಸಿಕೊಳ್ಳತಕ್ಕದ್ದು.