‘ಪುರಾತನ ಚೀನೀ ಕಂಚು’ ಮಾರಾಟಕ್ಕಿದೆ ಅಂದರೆ ಏನು ಮಾಡಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾರ ಮೊಬೈಲಿಗಾದರೂ ಇಂಥ ಫೋಟೊ ಬರಬಹುದು: ಮೂರು ಕಾಲು, ಮುಂದೆ ಚಾಚಿದ ಮೂತಿ, ಮೈಯೆಲ್ಲ ಹಸಿರು ಕಿಲುಬು. ‘ಮೂರು ಸಾವಿರ ವರ್ಷದ ಪೂಜೆಯ ಮದ್ಯಪಾತ್ರೆ, ಕೊನೆಯ ಬೆಲೆ ಹೇಳಿ.’ ಕಂಚಿನ ಬಗ್ಗೆ ಏನೂ ಗೊತ್ತಿಲ್ಲವೇ? ಭಯಪಡಬೇಡಿ. ಒಂದು ಭೂತಗನ್ನಡಿ, ಮೊಬೈಲ್ ಟಾರ್ಚ್, ಸಣ್ಣ ಮ್ಯಾಗ್ನೆಟ್, ಸ್ವಲ್ಪ ಹತ್ತಿ ಇದ್ದರೆ ಸಾಕು.

1. ಪಾತ್ರೆಯನ್ನು ಇದ್ದ ಹಾಗೇ ಬಿಡಿ.
ನಮ್ಮ ಕೈ ಸುಮ್ಮನಿರುವುದಿಲ್ಲ; ಹಳೇ ತಂಬಿಗೆ ಕಂಡರೆ ಹುಣಸೆಹಣ್ಣು ಹುಡುಕುತ್ತದೆ. ಇಲ್ಲಿ ಹುಣಸೆಹಣ್ಣೂ ಬೇಡ, ಪಿತಾಂಬರಿಯೂ ಬೇಡ. ಉಜ್ಜಿದರೆ ಪಾತ್ರೆಯ ವಯಸ್ಸಿನ ಗುರುತೇ ಅಳಿಸಿಹೋಗುತ್ತದೆ. ಒಣಗಿದ ಕೈಯಲ್ಲಿ, ತಳ ಹಿಡಿದು ಎತ್ತಿ. ಕಾಲು, ಹಿಡಿಕೆ ಹಿಡಿದು ಎತ್ತಬೇಡಿ.

2. ಆಕಾರ ನೋಡಿ.
ಮೂರು ಕಾಲು, ಮೂತಿ, ಹಿಡಿಕೆ, ಬಾಯಿಯ ಮೇಲೆ ಎರಡು ಗೂಟ ಇದ್ದರೆ ಅದು ‘ಜುಯೆ’ ಎಂಬ ಬಗೆ. ಶಾಂಗ್ ರಾಜವಂಶದವರು (ಸುಮಾರು ಕ್ರಿ.ಪೂ. 1600–1046) ಹಿರಿಯರ ಪೂಜೆಯಲ್ಲಿ ಇದನ್ನು ಬಳಸುತ್ತಿದ್ದರು. ಎಚ್ಚರ: ಸಾಂಗ್ ರಾಜವಂಶದ ಕಾಲದಿಂದಲೇ ಇವಕ್ಕೆ ನಕಲುಗಳಿವೆ. ಆಕಾರ ಸರಿಯಿದ್ದರೆ ಮುಂದಿನ ಹಂತಕ್ಕೆ ಹೋಗಿ, ಅಷ್ಟೇ.

3. ಮ್ಯಾಗ್ನೆಟ್ ತಾಗಿಸಿ.
ಕಂಚಿಗೆ ಅದು ಅಂಟುವುದಿಲ್ಲ. ಅಂಟಿತೋ, ಮಾತುಕತೆ ಅಲ್ಲಿಗೇ ಮುಗಿಸಿ.

4. ಟಾರ್ಚನ್ನು ಅಡ್ಡಲಾಗಿ ಹಿಡಿದು ಬೆಸುಗೆಯಂಥ ಗೆರೆ ಹುಡುಕಿ.
ಶಾಂಗ್ ಎರಕದವರು ಮಣ್ಣಿನ ಅಚ್ಚನ್ನು ತುಂಡುತುಂಡಾಗಿ ಜೋಡಿಸಿ ಕಂಚು ಹೊಯ್ಯುತ್ತಿದ್ದರು. ತುಂಡುಗಳು ಕೂಡುವಲ್ಲಿ ಸಣ್ಣ ಏಣು ಉಳಿಯುತ್ತಿತ್ತು. ನಮ್ಮ ದೇವರ ಮೂರ್ತಿಗಳ ದಾರಿಯೇ ಬೇರೆ. ಅವು ಮೇಣದ ಅಚ್ಚಿನವು, ಇಂಥ ಗೆರೆ ಇರುವುದಿಲ್ಲ. ಗೆರೆ ಕಂಡಿತೆಂದು ಕುಣಿಯಬೇಡಿ, ನಕಲಿ ಮಾಡುವವರಿಗೂ ಇದು ಗೊತ್ತು.

5. ಕಿಲುಬು ಪರೀಕ್ಷಿಸಿ.
ಮಾರುವವರ ಒಪ್ಪಿಗೆ ಪಡೆದು, ಹತ್ತಿಗೆ ಒಂದು ಹನಿ ಅಸಿಟೋನ್ ಹಾಕಿ ತಳದ ಒಂದು ಮೂಲೆಗೆ ಮಾತ್ರ ಒತ್ತಿ. ಹತ್ತಿ ಹಸಿರಾದರೆ ಅದು ಬಳಿದ ಬಣ್ಣ ಇದ್ದೀತು. ನಿಜವಾದ ಕಿಲುಬು ಲೋಹದಿಂದಲೇ ಹುಟ್ಟಿ, ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಬೇರೆ ವಿಷಯ: ಲೋಹದೊಳಗಿನ ಕ್ಲೋರೈಡ್ ತೇವ ಸಿಕ್ಕಾಗ ಕಂಚನ್ನು ತಿನ್ನುತ್ತಿರುತ್ತದೆ. ಅಂಥದ್ದನ್ನು ಒಣ ಜಾಗದಲ್ಲಿಡಿ.

6. ‘ಎಲ್ಲಿ ಸಿಕ್ಕಿತು?’ ಎಂದು ಕೇಳಿ.
ನನ್ನ ಲೆಕ್ಕದಲ್ಲಿ ಮೇಲಿನ ಐದಕ್ಕಿಂತ ಇದೇ ದೊಡ್ಡದು. ಹುಕ್ಕೇರಿಗೆ ಹತ್ತಿರದ ಕೊಲ್ಹಾಪುರದ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. 1940ರ ದಶಕದ ನಡುವೆ ಪಂಚಗಂಗಾ ದಂಡೆಯ ಬ್ರಹ್ಮಪುರಿಯಲ್ಲಿ ಸಿಕ್ಕ ಕಂಚಿನ ವಸ್ತುಗಳಲ್ಲಿ ಗ್ರೀಕ್ ಸಮುದ್ರದೇವ ಪೊಸೈಡಾನ್‌ನ ಪುಟ್ಟ ಮೂರ್ತಿಯಿದೆ, ರೋಮನ್ ಮದ್ಯದ ಹೂಜಿಯೂ ಇದೆ. ಆ ಉತ್ಖನನದಲ್ಲಿ ತೊಡಗಿದ್ದವರಲ್ಲಿ ಕೌಜಲಗಿಯ ಕೆ.ಜಿ. ಕುಂದಣಗಾರರೂ ಒಬ್ಬರು. ಅವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದವರು! ಇದೇ ಹೂಜಿ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದರೆ ಯಾರೋ ವಿದೇಶದಿಂದ ತಂದ ಶೋಪೀಸ್ ಅನ್ನಿಸುತ್ತಿತ್ತು. ಯಾವ ನೆಲದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂದು ಗೊತ್ತಿರುವುದರಿಂದ ಅದು ರೋಮ್ ಜೊತೆಗಿನ ವ್ಯಾಪಾರಕ್ಕೆ ಸಾಕ್ಷಿ. ‘ಅಜ್ಜನ ಕಾಲದ್ದು’ ಎಂಬ ಉತ್ತರ ಸಾಲದು. ಹಳೆಯ ರಸೀದಿ, ಹರಾಜಿನ ಕಾಗದ ಕೇಳಿ.

7. ಕಾನೂನು ನೋಡಿ.
1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಲೋಹದ ಕಲಾವಸ್ತುವೂ ಸೇರುತ್ತದೆ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಚೀನಾ ಕೂಡ 1911ಕ್ಕಿಂತ ಹಿಂದಿನ ವಸ್ತುಗಳನ್ನು ಹೊರಗೆ ಬಿಡುವುದಿಲ್ಲ. ಹೊಲ ಉಳುವಾಗ ಪಾತ್ರೆ ಸಿಕ್ಕಿತು ಅಂದರೆ ಬೆಲೆ ಮಾತಾಡಲೇ ಬೇಡಿ, ತಹಶೀಲ್ದಾರ್ ಕಚೇರಿಗೆ ತಿಳಿಸಿ.

8. ಫೋಟೊ ತೆಗೆಯಿರಿ.
ನಾಲ್ಕೂ ಬದಿ, ತಳ, ಒಳಗು. ಪಕ್ಕದಲ್ಲಿ ಸ್ಕೇಲ್ ಇರಲಿ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಧಾರವಾಡ ಕಚೇರಿಗೆ ಹೋಗಿ ತೋರಿಸಿ. ‘ನಾಳೆ ಬೇರೆ ಗಿರಾಕಿ ಬರ್ತಾರ’ ಎಂದು ಮಾರುವವರು ಅವಸರ ಮಾಡಿದರೆ, ಆ ಗಿರಾಕಿಗೇ ಕೊಡಲು ಹೇಳಿ. ಅಡ್ವಾನ್ಸ್ ಮಾತ್ರ ಒಂದು ರೂಪಾಯಿಯೂ ಕೊಡಬೇಡಿ.